ಇಂಗ್ಲಿಷಿಗೂ ಕೋರ್ಟಿನೊಳಗೆ ಜಾಗ ಇರಲಿಲ್ಲ

ಗುರುಗಳೇ, ವಿದ್ಯಾರ್ಥಿ ಮಿತ್ರರೇ,

ವಿಜಯಪುರದಲ್ಲಿ ನಿಂತು ಇಂಗ್ಲಿಷ್ ಬಗ್ಗೆ ಮಾತಾಡುವಾಗ ಕೋರ್ಟಿನಿಂದಲೇ ಶುರು ಮಾಡಬೇಕು ಅನ್ನಿಸುತ್ತದೆ. ಕೋರ್ಟ್, ಜಡ್ಜ್, ಜ್ಯೂರಿ, ವಾರಂಟ್, ಬೇಲ್. ಇವೆಲ್ಲ ಅಪ್ಪಟ ಇಂಗ್ಲಿಷ್ ಶಬ್ದಗಳು ಅಂತ ತಿಳಿದಿದ್ದೇವೆ, ಅಲ್ವಾ? ಒಂದೂ ಅಲ್ಲ. ಎಲ್ಲವೂ ಫ್ರೆಂಚಿನಿಂದ ಬಂದವು. 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮಂಡಿಯ ವಿಲಿಯಂ ಹೇಸ್ಟಿಂಗ್ಸ್ ಕಾಳಗ ಗೆದ್ದು ಇಂಗ್ಲೆಂಡಿನ ಗಾದಿಗೆ ಬಂದ. ಅವನ ಸರದಾರರು ಮಾತಾಡುತ್ತಿದ್ದದ್ದು ಫ್ರೆಂಚ್. ಮುಂದೆ ಸುಮಾರು 300 ವರ್ಷ ಅರಮನೆಯಲ್ಲೂ ಕೋರ್ಟಿನಲ್ಲೂ ಅದರದೇ ದರ್ಬಾರು. ಇಂಗ್ಲಿಷ್ ಹೊಲದಲ್ಲಿ, ಸಂತೆಯಲ್ಲಿ, ಅಡುಗೆಮನೆಯಲ್ಲಿ ಉಳಿಯಿತು.

ಈ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದಿಲ್‌ಶಾಹಿಗಳ ದರ್ಬಾರಿನಲ್ಲಿ ಪಾರಸಿ ನಡೆಯುತ್ತಿತ್ತು. 1686ರಲ್ಲಿ ಆ ರಾಜ್ಯ ಹೋಯಿತು, ಶಬ್ದಗಳು ಹೋಗಲಿಲ್ಲ. ಇವತ್ತಿಗೂ ನಾವು ವಕೀಲರ ಹತ್ತಿರ ಹೋಗುತ್ತೇವೆ, ಅರ್ಜಿ ಕೊಡುತ್ತೇವೆ, ಜಾಮೀನು ಕೇಳುತ್ತೇವೆ. ಇವೆಲ್ಲ ಪಾರಸಿ, ಅರಬ್ಬಿ ಕಡೆಯಿಂದ ಬಂದ ಶಬ್ದಗಳು. ಹೊಲಕ್ಕೆ ಹೋದರೆ ಮಾತ್ರ ನಮ್ಮದೇ ರಂಟೆ, ಕುಂಟೆ, ಕೂರಿಗೆ.

ಕೊನೆಗೆ 1362ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕಾಯ್ದೆ ಬಂತು. ಜನರಿಗೆ ಫ್ರೆಂಚ್ ತಿಳಿಯುವುದಿಲ್ಲ. ತಮ್ಮ ಪರವಾಗಿ ಏನು ಹೇಳಿದರು, ವಿರುದ್ಧ ಏನು ಹೇಳಿದರು ಅನ್ನುವುದೂ ಅವರಿಗೆ ಗೊತ್ತಾಗುತ್ತಿಲ್ಲ. ಇನ್ನು ಮುಂದೆ ವಾದ ಇಂಗ್ಲಿಷಿನಲ್ಲಿ ನಡೆಯಬೇಕು ಅಂತ ಆ ಕಾಯ್ದೆ ಹೇಳಿತು. ಆದರೆ ಅದನ್ನು ಬರೆದದ್ದು ಫ್ರೆಂಚಿನಲ್ಲಿ! ಇಂಗ್ಲಿಷಿನ ಇತಿಹಾಸದಲ್ಲಿ ನನ್ನನ್ನು ಬಹಳ ಕಾಡಿದ ಸಂಗತಿ ಇದು. ಇಂದು ಹೈಕೋರ್ಟಿನಲ್ಲಿ ಇಂಗ್ಲಿಷ್ ವಾದ ಕೇಳುತ್ತ ಸುಮ್ನೆ ಕೂತ ನಮ್ಮ ರೈತನಿಗೆ, ಆ ಕಾಲದ ಇಂಗ್ಲಿಷ್ ರೈತನ ಕಷ್ಟ ಚೆನ್ನಾಗಿ ಅರ್ಥವಾದೀತು.

ಇನ್ನು ಸ್ಪೆಲಿಂಗ್. ಮಕ್ಕಳು ಜಾಸ್ತಿ ಪೆಟ್ಟು ತಿನ್ನುವುದು ಇಲ್ಲೇ. ನೈಫ್ ಬರೆಯಲು ಮೊದಲಿಗೆ ಕೆ ಯಾಕೆ ಬೇಕು? ಹಿಂದೆ ಅದನ್ನು ಬಾಯಿ ಬಿಟ್ಟು ಹೇಳುತ್ತಿದ್ದರು, ಅದಕ್ಕೆ. ಮೊಣಕಾಲಿನ 'ನೀ'ಗೂ ಅದೇ ಕಥೆ. ಜರ್ಮನರು ಇವತ್ತಿಗೂ 'ಕ್ನೀ' ಅನ್ನುತ್ತಾರೆ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯ ಹಾಕಿದ. ಅಲ್ಲಿಂದ ಬರಹ ನಿಧಾನಕ್ಕೆ ಗಟ್ಟಿಯಾಗುತ್ತ ಬಂತು, ನಾಲಿಗೆ ಮಾತ್ರ ಬದಲಾಗುತ್ತಲೇ ಹೋಯಿತು.

ಕೆ ಅಕ್ಷರಕ್ಕಾದರೂ ಒಂದು ಕಾರಣ ಇದೆ. ಸಾಲ ಎನ್ನುವ ಅರ್ಥದ 'ಡೆಟ್' ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಇರಲೇ ಇಲ್ಲ. ಲ್ಯಾಟಿನ್ ಮೂಲದಲ್ಲಿ ಬಿ ಇದೆಯಲ್ಲ ಅಂತ ಪಂಡಿತರು ಆಮೇಲೆ ಸೇರಿಸಿದರು. 'ಐಲ್ಯಾಂಡ್' ಹಳೆಯ ಇಂಗ್ಲಿಷಿನ ಸ್ವಂತ ಶಬ್ದ. ಫ್ರೆಂಚಿನಿಂದ ಬಂದ, ಅದೇ ಅರ್ಥದ 'ಐಲ್' ಜೊತೆ ಅದಕ್ಕೆ ನಂಟಿದೆ ಎಂದು ತಪ್ಪು ತಿಳಿದು ಅದರೊಳಗೆ ಎಸ್ ತುರುಕಿದರು. ಈ ಅಕ್ಷರಗಳನ್ನು ಬಿಟ್ಟು ಬರೆದ ಮಗುವನ್ನು ದಯವಿಟ್ಟು ದಡ್ಡ ಅನ್ನಬೇಡಿ. ಅದು ಕಿವಿಗೆ ಕೇಳಿದ್ದನ್ನೇ ಬರೆದಿದೆ.

ಭಾಷೆಗಳು ಸಾಮಾನಿನ ಹೆಸರುಗಳನ್ನು ಸಾಲ ತರುವುದು ಎಲ್ಲ ಕಡೆ ಇದೆ. ಸರ್ವನಾಮ ತರುವುದು ಅಪರೂಪ. ಇಂಗ್ಲಿಷ್ ಅದನ್ನೂ ಮಾಡಿದೆ. 'ದೇ', 'ದೆಮ್' ಎರಡೂ ಉತ್ತರ ಯುರೋಪಿನಿಂದ ದಾಳಿ ಮಾಡಲು ಬಂದು ಅಲ್ಲೇ ನೆಲೆಸಿದ ವೈಕಿಂಗರ ಮಾತಿನಿಂದ ಬಂದವು.

'ಯೂ' ಕಥೆ ಇನ್ನೂ ಸೊಗಸು. ಇಂಗ್ಲಿಷಿನಲ್ಲಿ ಎಲ್ಲರಿಗೂ ಏಕವಚನ, ಮರ್ಯಾದೆ ಇಲ್ಲದ ಭಾಷೆ ಅಂತ ನಮ್ಮ ಹಿರಿಯರು ಅನ್ನುವುದುಂಟು. ನಿಜ ತಿರುಗಾಮುರುಗಾ. 'ಯೂ' ಮೊದಲು ಬಹುವಚನ. ಒಬ್ಬರಿಗೆ 'ದೌ' ಅನ್ನುತ್ತಿದ್ದರು. ದೊಡ್ಡವರಿಗೆ ಮರ್ಯಾದೆಗೆಂದು 'ಯೂ' ಬಳಸಲು ಶುರು ಮಾಡಿದರು. ಬರಬರುತ್ತ ಯಾರಿಗೂ 'ದೌ' ಅನ್ನಲು ಧೈರ್ಯ ಸಾಲದೆ ಅದು ದಿನದ ಮಾತಿನಿಂದ ಬಿದ್ದೇ ಹೋಯಿತು. ಅಂದರೆ ಅಲ್ಲಿ ಉಳಿದಿರುವುದು 'ನೀವು' ಮಾತ್ರ. ಮನೆಯ ನಾಯಿಗೂ 'ನೀವು'. ಹಳೆಯ 'ದೌ' ಪ್ರಾರ್ಥನೆಗಳಲ್ಲಿ ದೇವರ ಪಾಲಿಗೆ ಉಳಿಯಿತು. ಬಸವಣ್ಣನವರು ಕೂಡಲಸಂಗಮದೇವನನ್ನು 'ನೀನು' ಅಂದದ್ದನ್ನು ಕೇಳಿ ಬೆಳೆದ ನಮಗೆ ಈ ಸಲಿಗೆ ಹೊಸದಲ್ಲ.

ಒಬ್ಬರಿಗೂ ಹತ್ತು ಮಂದಿಗೂ ಒಂದೇ 'ಯೂ' ಆದಾಗ ತೊಡಕಾಯಿತು. ಅದನ್ನು ಬಿಡಿಸಿದ್ದು ಪಂಡಿತರಲ್ಲ, ಜನ. ಅಮೆರಿಕದ ದಕ್ಷಿಣದವರು ಹಲವರನ್ನು ಕರೆಯಲು 'ಯಾಲ್' ಅನ್ನುತ್ತಾರೆ. ಅದೇ ದೇಶದ ಪಿಟ್ಸ್‌ಬರ್ಗ್ ನಗರದ ಸುತ್ತ 'ಯಿನ್ಸ್', ಐರ್ಲೆಂಡಿನಲ್ಲಿ 'ಯೂಸ್'. ನಮ್ಮ ವ್ಯಾಕರಣ ಪುಸ್ತಕದಲ್ಲಿ ಇವು ಸಿಗುವುದಿಲ್ಲ. ಅಲ್ಲಿ ಮನೆಮನೆಯಲ್ಲಿ ದಿನವೂ ಕೇಳುತ್ತವೆ.