ಗೊರಕೆ ಬಗ್ಗೆ ಡ್ರೈವರ್ ಅಣ್ಣಂದಿರ ಜೊತೆ ಎರಡು ಮಾತು

ಡ್ರೈವರ್ ಅಣ್ಣಂದಿರೇ, ಲಾರಿ ಮಾಲೀಕರೇ, ಬೆಳಗ್ಗೆಯಿಂದ ಸ್ಪೀಡು, ಸೀಟ್ ಬೆಲ್ಟು, ಕುಡಿತ ಎಲ್ಲ ಕೇಳಿದ್ದೀರಿ. ನಾನು ಡಾಕ್ಟರು, ಗೊರಕೆ ಬಗ್ಗೆ ಹೇಳಲು ಬಂದಿದ್ದೇನೆ. ನಗಿ, ಪರವಾಗಿಲ್ಲ. ಊಟ ಆದ ಹೊತ್ತು, ನಗ್ತಾ ಇದ್ದರೆ ಯಾರೂ ತೂಕಡಿಸುವುದಿಲ್ಲ.

ಗೊರಕೆ ಹೊಡೆಯುವವನಿಗೆ ಒಳ್ಳೆ ನಿದ್ದೆ ಅಂತ ನಂಬಿದ್ದೇವೆ, ಅಲ್ವಾ? ಎಷ್ಟೋ ಸಲ ಅವನಿಗೆ ಸರಿಯಾದ ನಿದ್ದೆಯೇ ಇರುವುದಿಲ್ಲ. ಮಲಗಿದಾಗ ಗಂಟಲು ಸಡಿಲವಾಗಿ, ನಾಲಿಗೆ ಹಿಂದಕ್ಕೆ ಜಾರಿ, ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡು, ಕೆಲವರಿಗೆ ಅರ್ಧ ನಿಮಿಷಕ್ಕೂ ಜಾಸ್ತಿ. ಉಸಿರು ಸಿಗದೆ ಮೆದುಳು ಗಾಬರಿಯಿಂದ ಎಬ್ಬಿಸುತ್ತದೆ. ನಿದ್ದೆಯಲ್ಲಿ ಹೀಗೆ ಉಸಿರು ನಿಲ್ಲುವ ಕಾಯಿಲೆಗೆ ಸ್ಲೀಪ್ ಅಪ್ನಿಯಾ ಅಂತ ಹೆಸರು. ಗಂಟೆಗೆ 30 ಸಲ, ಅದಕ್ಕೂ ಹೆಚ್ಚು ಹೀಗಾದರೆ ಅದು ತೀವ್ರ. ಬೆಳಗ್ಗೆ ಎದ್ದವನಿಗೆ ಇದ್ಯಾವುದೂ ನೆನಪಿರುವುದಿಲ್ಲ.

ಒಬ್ಬ ಡ್ರೈವರ್ ಬಿಪಿ ತೋರಿಸಲು ಬಂದಿದ್ದರು. ಹುಬ್ಬಳ್ಳಿ–ಬೆಂಗಳೂರು ಲೈನು. ನಿದ್ದೆ ಹೇಗಪ್ಪಾ ಅಂದೆ. "ತಲೆ ಇಟ್ರೆ ನಿದ್ದೆ ಸಾರ್, ದೇವರು ಅದೊಂದು ಭಾಗ್ಯ ಕೊಟ್ಟವ್ನೆ" ಅಂದರು. ಹಿಂದೆ ನಿಂತಿದ್ದ ಹೆಂಡತಿ ತಡೆಯಲಾರದೆ ಮುಂದೆ ಬಂದರು. "ಯಾವ ಭಾಗ್ಯ ಡಾಕ್ಟ್ರೇ! ರಾತ್ರಿ ಇವರ ಉಸಿರೇ ನಿಂತೋಗುತ್ತೆ. ಎದೆ ಮೇಲೆ ಕೈ ಇಟ್ಕೊಂಡು ಕಾಯ್ತೀನಿ. ಗೊರ್ ಅಂತ ಎಳ್ಕೊಂಡ ಮೇಲೇ ನಾನು ಕಣ್ಣು ಮುಚ್ಚೋದು." ಅವರ ಕತ್ತು ನೋಡಿದೆ, ಅಂಗಿಯ ಮೇಲಿನ ಗುಂಡಿ ಹಾಕಲು ಬರುತ್ತಿರಲಿಲ್ಲ. ಕತ್ತು ದಪ್ಪ ಇದ್ದವರಿಗೆ ಈ ಕಾಯಿಲೆ ಇರುವ ಸಾಧ್ಯತೆ ಹೆಚ್ಚು. ಗಾಡಿ ಓಡಿಸುವಾಗ ಜೊಂಪು ಬರುತ್ತಾ ಅಂದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಹಿರಿಯೂರು ದಾಟಿದ್ದು ನೆನಪಿರುತ್ತೆ ಸಾರ್. ಸಿರಾ ಹೆಂಗೆ ಬಂತು ಗೊತ್ತಾಗಲ್ಲ." ಮರುಕ್ಷಣವೇ, "ಓನರ್‌ಗೆ ಹೇಳ್ಬೇಡಿ, ಗಾಡಿಯಿಂದ ಇಳಿಸ್ತಾರೆ."

ಮಾಲೀಕರೇ, ನನಗೆ ನಿದ್ದೆ ಕೆಡಿಸುವುದು ಈ ಕೊನೆ ಮಾತು. 80ರ ವೇಗದಲ್ಲಿ ಮೂರು ಸೆಕೆಂಡು ಕಣ್ಣು ಮುಚ್ಚಿದರೆ ಗಾಡಿ 66 ಮೀಟರ್ ಹೋಗಿರುತ್ತದೆ. ಆದರೂ ಆ ಮನುಷ್ಯ ಕಾಯಿಲೆಗಿಂತ ಕೆಲಸ ಹೋಗುವುದಕ್ಕೆ ಹೆದರಿದ್ದ. ಹೇಳಿಕೊಂಡವನನ್ನು ಇಳಿಸಿದರೆ ಉಳಿದವರು ಬಾಯಿ ಬಿಡುವುದಿಲ್ಲ. ಚಿಕಿತ್ಸೆ ಆಗುವವರೆಗೆ ಬೇರೆ ಕೆಲಸ ಕೊಡಿ, ಆಮೇಲೆ ಸ್ಟೇರಿಂಗ್ ವಾಪಸ್ ಕೊಡಿ.

2013ರ ಡಿಸೆಂಬರ್ 1ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಒಂದು ರೈಲು ಹಳಿ ತಪ್ಪಿತು. 30 ಮೈಲಿ ವೇಗದ ತಿರುವಿಗೆ 82 ಮೈಲಿಯಲ್ಲಿ ಬಂದಿತ್ತು. ನಾಲ್ವರು ಸತ್ತರು. ಚಾಲಕ ಕುಡಿದಿರಲಿಲ್ಲ, ಫೋನೂ ಹಿಡಿದಿರಲಿಲ್ಲ. ಸ್ಲೀಪ್ ಅಪ್ನಿಯಾ ಇದೆ ಅಂತ ಗೊತ್ತಾಗಿದ್ದು ಅಪಘಾತ ಆದ ಮೇಲೆ. ಮೊದಲೇ ಯಾರಾದರೂ ಕೇಳಬೇಕಿತ್ತು. ನಮ್ಮಲ್ಲೂ ಡಿಎಲ್‌ಗೆ ಕೊಡುವ ಡಾಕ್ಟರ್ ಸರ್ಟಿಫಿಕೇಟ್, ಫಾರಂ 1ಎ ನೋಡಿ. ಕಣ್ಣು, ಕಿವಿ, ಕೈಕಾಲು ಕೇಳುತ್ತಾರೆ, ಗೊರಕೆ ಕೇಳುವುದಿಲ್ಲ. ಕೇಳಲೇಬೇಕು.

ಚೀಟಿ ಬಂತು, ಐದೇ ನಿಮಿಷವಂತೆ. ಚಿಕಿತ್ಸೆ ಬೇಗ ಹೇಳುತ್ತೇನೆ. ಸಿಪ್ಯಾಪ್ ಅಂತ ಒಂದು ಯಂತ್ರ ಇದೆ. ಮೂಗಿಗೆ ಮಾಸ್ಕ್ ಹಾಕಿ ಗಾಳಿಯ ಒತ್ತಡ ಕೊಟ್ಟು ಗಂಟಲು ತೆರೆದಿಡುತ್ತದೆ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಇದನ್ನು ಲೋಕಕ್ಕೆ ತಿಳಿಸಿದರು. ತೂಕ ಇಳಿದರೂ ಲಾಭ. ಮಲಗುವ ಮುಂಚೆ ಮದ್ಯ ಬೇಡ, ಗಂಟಲು ಇನ್ನೂ ಸಡಿಲವಾಗುತ್ತದೆ. ಶಿಫ್ಟಿನ ವಿಷಯ, ನಸುಕಿನ ಎರಡರಿಂದ ಐದರವರೆಗೆ ಬರುವ ಜೊಂಪಿನ ವಿಷಯ ಬಾಕಿ ಉಳಿಯಿತು, ಇನ್ನೊಮ್ಮೆ ಮಾತಾಡೋಣ.

ಮಾಲೀಕರೇ, ಮತ್ತೆ ಹೇಳುತ್ತೇನೆ, ಕೆಲಸದಿಂದ ತೆಗೆಯಬೇಡಿ, ಪರೀಕ್ಷೆ ಮಾಡಿಸಿ. ಅಣ್ಣಂದಿರೇ, ನೀವು ಮಲಗಿದಾಗ ಮನೆಯವರಿಗೆ ಮೊಬೈಲ್‌ನಲ್ಲಿ ವಿಡಿಯೊ ಮಾಡಲು ಹೇಳಿ, ಅದನ್ನೇ ಡಾಕ್ಟರಿಗೆ ತೋರಿಸಿ. ಹೊರಗೆ ಬಾಗಿಲ ಹತ್ತಿರ ನಮ್ಮ ಸಿಸ್ಟರ್ ಟೇಪು, ಬಿಪಿ ಮಿಷನ್ ಇಟ್ಟುಕೊಂಡು ಕೂತಿದ್ದಾರೆ. ಕತ್ತಿನ ಅಳತೆ ಕೊಟ್ಟು ಹೋಗಿ.