ಹಂಡೆ ನೀರಿಗೆ ಯಾವ ಉರಿ ಅಗ್ಗ?

ಕೇಳುಗರಿಗೆಲ್ಲ ನಮಸ್ಕಾರ.

ಚಳಿದೇಶಗಳಲ್ಲಿ ಉರುವಲಿನ ಲೆಕ್ಕ ಎಂದರೆ ಇಡೀ ಮನೆ ಬೆಚ್ಚಗಿಡುವ ಲೆಕ್ಕ. ಮನೆಗೊಂದು ದೊಡ್ಡ ಒಲೆ, ಅದರಲ್ಲಿ ಗ್ಯಾಸೋ ಎಣ್ಣೆಯೋ ಕಟ್ಟಿಗೆಯೋ ಉರಿಯುತ್ತದೆ, ಬಿಸಿಗಾಳಿ ಕೋಣೆಗಳಿಗೆ ಹೋಗುತ್ತದೆ. ನಮಗೆ ಅದರ ಗೊಡವೆ ಇಲ್ಲ. ಕಾರವಾರದಲ್ಲಿ ಡಿಸೆಂಬರಿನಲ್ಲೂ ಫ್ಯಾನ್ ತಿರುಗುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಚಳಿ ಇದೆ, ಆದರೆ ಕಂಬಳಿ ಹೊದ್ದರೆ ಸಾಕು. ನಮಗೆ ಬಿಸಿ ಬೇಕಾಗುವುದು ಬಚ್ಚಲಿನಲ್ಲಿ. ಸೆಕೆಗಾಲದಲ್ಲೂ ಮೈಗೆ ಬಿಸಿನೀರೇ ಬೇಕು ಎನ್ನುವ ಜನ ನಾವು. ಹಾಗಾಗಿ ಇವತ್ತು ಹಂಡೆಯ ಲೆಕ್ಕ ಮಾಡೋಣ.

ಐದು ಜನರ ಮನೆ ಎಂದುಕೊಳ್ಳಿ. ತಲಾ ಒಂದು ಬಕೆಟ್, 20 ಲೀಟರ್. ಒಟ್ಟು 100 ಲೀಟರ್ ನೀರು, ಬಾವಿಯ ನೀರಿಗಿಂತ 20 ಡಿಗ್ರಿ ಜಾಸ್ತಿ ಬಿಸಿ ಇರಬೇಕು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋಕ್ಯಾಲೊರಿ ಶಾಖ ಬೇಕು. ಅಂದರೆ ನಮಗೆ ದಿನಕ್ಕೆ ಬೇಕಾದದ್ದು 2000. ಕುದಿಯುವ ನೀರಿಗೆ ತಣ್ಣೀರು ಬೆರೆಸಿದರೂ ಲೆಕ್ಕ ಇಷ್ಟೇ.

ಈಗ ಕಟ್ಟಿಗೆ. ಚೆನ್ನಾಗಿ ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಸುಮಾರು 3500 ಕಿಲೋಕ್ಯಾಲೊರಿ ಇರುತ್ತದೆ. ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ ಇದ್ದರೆ ಸಾಕಾಗಬೇಕಿತ್ತು, ಅಲ್ವಾ? ಆದರೆ ಹಳೆಯ ಬಚ್ಚಲ ಒಲೆಯಲ್ಲಿ ನೂರರಲ್ಲಿ ಹತ್ತು, ಹೆಚ್ಚೆಂದರೆ ಹದಿನೈದು ಪಾಲು ಮಾತ್ರ ನೀರಿಗೆ ಸೇರುತ್ತದೆ. ಉಳಿದದ್ದು ಒಲೆಯ ಬಾಯಿಂದ, ಹಂಡೆಯ ಸುತ್ತಲಿನ ಸಂದಿಯಿಂದ, ಹೊಗೆಯ ಜೊತೆಗೆ ಹೊರಗೆ. ಹಾಗಾಗಿ ದಿನಕ್ಕೆ ಐದು ಕಿಲೋ ಹತ್ತಿರ ಬೇಕಾಗುತ್ತದೆ.

ಅದೂ ಒಣಗಿದ್ದರೆ. ಆಗತಾನೇ ಕಡಿದ ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ. ಅಂಥ ಒಂದು ಕಿಲೋದಲ್ಲಿ ಉರಿಯುವ ಸಾಮಾನು ಅರ್ಧ ಕಿಲೋ ಮಾತ್ರ. ಒಳಗಿನ ನೀರು ಆವಿಯಾಗಲು ಮುನ್ನೂರು ಕಿಲೋಕ್ಯಾಲೊರಿ ಹೋಗುತ್ತದೆ. ಅದು ಸಣ್ಣ ನಷ್ಟ. ದೊಡ್ಡ ನಷ್ಟ ಬೇರೆ ಇದೆ. ಹಸಿ ಕಟ್ಟಿಗೆಯ ಉರಿಗೆ ಬಿಸಿ ಸಾಲುವುದಿಲ್ಲ, ಹಾಗಾಗಿ ಕಟ್ಟಿಗೆಯಿಂದ ಎದ್ದ ಅನಿಲ ಪೂರ್ತಿ ಉರಿಯದೆ ಹೊಗೆಯಾಗಿ ಹೋಗುತ್ತದೆ. ಬಚ್ಚಲಿನ ಗೋಡೆಗೆ ಅಂಟುವ ಕರಿ ಇದೆಯಲ್ಲ, ಅದು ಉರಿಯಬೇಕಿದ್ದ ಉರುವಲು. ಜುಲೈ ತಿಂಗಳಲ್ಲಿ ಒಲೆಯ ಮುಂದೆ ಕೂತು ಊದುಗೊಳವೆ ಊದಿದವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಊದಿದವರು ಯಾರು ಎಂದು ಕೇಳಿದರೆ, ಹೆಚ್ಚಿನ ಮನೆಗಳಲ್ಲಿ ಹೆಂಗಸರೇ. ಆ ಖರ್ಚು ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಯಾವ ಮರ ಒಳ್ಳೆಯದು ಎಂಬ ಚರ್ಚೆ ನಮ್ಮಲ್ಲಿ ಜಾಸ್ತಿ. ನಿಜ ಹೇಳಬೇಕೆಂದರೆ ಒಣಗಿದ ಮೇಲೆ ಕಿಲೋಗೆ ಕಿಲೋ ಎಲ್ಲ ಮರಗಳೂ ಹೆಚ್ಚುಕಮ್ಮಿ ಒಂದೇ. ಗಾಳಿಮರದ್ದು ಒಳ್ಳೆಯ ಉರುವಲು ಎನ್ನುವುದು ಸುಳ್ಳಲ್ಲ. 1860ರ ದಶಕದಲ್ಲಿ ಕಾರವಾರದ ಕಡಲ ದಂಡೆಗೆ ಅದನ್ನು ತಂದು ನೆಟ್ಟವರಿಗೂ ಉರುವಲೇ ಬೇಕಿತ್ತು. ಆದರೆ ಅದರ ಹೆಚ್ಚುಗಾರಿಕೆ ಇರುವುದು ಗಟ್ಟಿತನದಲ್ಲಿ. ಒಂದು ಹೊರೆಯಲ್ಲಿ ತೂಕ ಜಾಸ್ತಿ ಬರುತ್ತದೆ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಹಾಗಾಗಿ ಹೊರೆ ಲೆಕ್ಕದಲ್ಲಿ ಕೊಳ್ಳುವಾಗ ಮರ ಯಾವುದೆಂದು ನೋಡಿ. ತೂಕದ ಲೆಕ್ಕದಲ್ಲಿ ಕೊಳ್ಳುವಾಗ ಒಣಗಿದೆಯೋ ಇಲ್ಲವೋ ನೋಡಿ. ಇಲ್ಲದಿದ್ದರೆ ದುಡ್ಡು ಕೊಟ್ಟು ನೀರು ಕೊಂಡ ಹಾಗೆ.

ಕರಟದ ಮಾತೇ ಬೇರೆ. ಅದು ಒಣ, ಗಟ್ಟಿ, ಕಟ್ಟಿಗೆಗಿಂತ ಜಾಸ್ತಿ ಶಾಖ ಕೊಡುತ್ತದೆ. ತೆಂಗಿನ ಸಿಪ್ಪೆ, ಅಡಿಕೆ ಸಿಪ್ಪೆ ಒಣಗಿದ್ದರೆ ಸಾಕಷ್ಟು ಚೆನ್ನಾಗಿಯೇ ಉರಿಯುತ್ತವೆ. ಸೋಗೆ ಒಲೆ ಹೊತ್ತಿಸಲು ಸರಿ, ಅದನ್ನೇ ನಂಬಿದರೆ ಒಲೆಯ ಮುಂದಿಂದ ಏಳುವ ಹಾಗಿಲ್ಲ.

ಈಗ ಕರೆಂಟು. ಒಂದು ಯೂನಿಟ್ಟಿನಲ್ಲಿ 860 ಕಿಲೋಕ್ಯಾಲೊರಿ. ಗೀಸರಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ನೀರಿಗೇ ಸೇರುತ್ತದೆ. ನಮ್ಮ 100 ಲೀಟರಿಗೆ ಎರಡೂವರೆ ಯೂನಿಟ್ ಸಾಕು, ತಿಂಗಳಿಗೆ 75. ಗೃಹಜ್ಯೋತಿ ಇದೆ, ಚಿಂತೆ ಏನು ಎನ್ನುವವರಿದ್ದಾರೆ. ಆದರೆ ಅಲ್ಲಿ ಉಚಿತ ಸಿಗುವುದು ನಿಮ್ಮ ಮನೆಯ ಹಳೆಯ ಬಳಕೆಯ ಸರಾಸರಿ ನೋಡಿ, ಅದರ ಮೇಲೆ ಸ್ವಲ್ಪ ಮಾತ್ರ. ಹೊಸದಾಗಿ ಗೀಸರ್ ಹಾಕಿದರೆ ಈ 75 ಯೂನಿಟ್ಟಿನ ಬಹುಪಾಲು ಬಿಲ್ಲಿಗೆ ಬರುತ್ತದೆ. ಒಟ್ಟು 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು.

ಗೀಸರ್ ನಷ್ಟವನ್ನೇ ಮಾಡುವುದಿಲ್ಲ ಎಂದುಕೊಳ್ಳಬೇಡಿ. ನಷ್ಟ ಬೇರೆ ಕಡೆ ಆಗಿರುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೇ. ನಮ್ಮ ಕೈಗಾ ಅಣುವಿದ್ಯುತ್ ಸ್ಥಾವರವನ್ನೇ ನೋಡಿ. ಅಲ್ಲಿ ಹುಟ್ಟುವ ಶಾಖದಲ್ಲಿ ಮೂರರಲ್ಲಿ ಒಂದು ಪಾಲಿಗಿಂತಲೂ ಸ್ವಲ್ಪ ಕಡಿಮೆ ಕರೆಂಟಾಗುತ್ತದೆ. ಉಳಿದದ್ದು ತಂಪು ಮಾಡುವ ನೀರಿನ ಜೊತೆ ಕದ್ರಾ ಹಿನ್ನೀರಿಗೆ. ಕಲ್ಲಿದ್ದಲಿನ ಸ್ಥಾವರದಲ್ಲೂ ಸುಮಾರಾಗಿ ಇದೇ ಕಥೆ. ಕಾಳಿ ನದಿಯ ನಾಗಝರಿಯಂಥ ಜಲವಿದ್ಯುತ್ತಿಗೆ ಈ ಮಾತು ಅನ್ವಯಿಸುವುದಿಲ್ಲ, ಅಲ್ಲಿ ಏನನ್ನೂ ಸುಡುವುದಿಲ್ಲ. ಆದರೆ ನಿಮ್ಮ ಗೀಸರಿಗೆ ಬಂದ ಕರೆಂಟು ಯಾವ ಊರಿನದು ಎಂದು ತಂತಿ ನೋಡಿ ಹೇಳಲಾಗುವುದಿಲ್ಲ.

ಗ್ಯಾಸ್ ಬಹಳ ಶಾಖದ ವಸ್ತು. ಕಿಲೋಗೆ ಹತ್ತಿರ ಹತ್ತಿರ 11,000. ಗ್ಯಾಸ್ ಗೀಸರಿನಲ್ಲಿ ನೂರಕ್ಕೆ ಎಂಬತ್ತರಷ್ಟು ನೀರಿಗೆ ಸೇರುತ್ತದೆ. ದಿನಕ್ಕೆ ಕಾಲು ಕಿಲೋಗಿಂತ ಸ್ವಲ್ಪ ಕಡಿಮೆ ಸಾಕು, 14.2 ಕಿಲೋದ ಸಿಲಿಂಡರ್ ಎರಡು ತಿಂಗಳು ಬರುತ್ತದೆ. ಆದರೆ ಅದನ್ನು ಬಚ್ಚಲಿನ ಒಳಗೆ ಕೂರಿಸಬಾರದು. ಬಾಗಿಲು, ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಆಮ್ಲಜನಕ ತಿಂದು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬಾರದ ಸುದ್ದಿ ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಗೀಸರ್ ಹೊರಗೋಡೆಗೆ ಇರಲಿ, ಪೈಪ್ ಮಾತ್ರ ಒಳಗೆ ಬರಲಿ. ಕೂರಿಸಲು ಬಂದವರು ಎಷ್ಟೇ ಧೈರ್ಯ ಹೇಳಿದರೂ ಈ ವಿಷಯದಲ್ಲಿ ಹಟ ಹಿಡಿಯಿರಿ.

ಬಿಸಿಲಿಗೆ ದುಡ್ಡಿಲ್ಲ, ಹಾಗಾಗಿ ಸೋಲಾರ್ ಲೆಕ್ಕ ಸುಲಭ. ಅಕ್ಟೋಬರಿನಿಂದ ಮೇ ತನಕ 100 ಲೀಟರಿನದು ಈ ಮನೆಗೆ ಧಾರಾಳ. ಜೂನ್ ಬಂದರೆ ಕೆಲಸ ಮುಗಿಯಿತು. ಕಡಲ ದಂಡೆಯವರಿಗೆ ಇನ್ನೊಂದು ಕಾಟ ಇದೆ, ಉಪ್ಪುಗಾಳಿಗೆ ಸ್ಟ್ಯಾಂಡು ತುಕ್ಕು ಹಿಡಿಯುತ್ತದೆ.

ಹಾಗಾದರೆ ಯಾವುದು ಅಗ್ಗ? ನಿಮ್ಮೂರಿನ ದರ ಹಾಕಿ ನೀವೇ ನೋಡಬಹುದು. ಹಳೆಯ ಒಲೆಯಲ್ಲಿ ಎರಡು ಕಿಲೋ ಒಣ ಕಟ್ಟಿಗೆ ಮಾಡುವ ಕೆಲಸವನ್ನು ಒಂದು ಯೂನಿಟ್ ಕರೆಂಟು ಮಾಡುತ್ತದೆ. ಕಟ್ಟಿಗೆ ಕೊಂಡು ತರುವವರು ಈ ಎರಡು ಬೆಲೆ ಪಕ್ಕಪಕ್ಕ ಇಟ್ಟರೆ ಸಾಕು. ಬೆಟ್ಟದಿಂದ ತರುವವರು ಮಾತ್ರ ಕಟ್ಟಿಗೆ ಬಿಟ್ಟಿ ಎನ್ನುವ ಮೊದಲು ಆಳಿನ ಕೂಲಿ ಸೇರಿಸಬೇಕು. ಮನೆಯವರೇ ಹೊತ್ತರೆ ಅದಕ್ಕೂ ಕೂಲಿ ಹಿಡಿಯಿರಿ.

ನನ್ನ ಅಭಿಪ್ರಾಯ ಕೇಳಿದರೆ, ತೋಟ ಇದ್ದವರು ಹಂಡೆ ಬಿಡುವುದು ಬೇಡ, ಒಲೆ ಬದಲಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಸ್ತ್ರ ಒಲೆ ಮಾಡಿದಾಗ ಹೊಸ ಉರುವಲು ಹುಡುಕಲಿಲ್ಲ. ಅದೇ ಕಟ್ಟಿಗೆಗೆ ಸರಿಯಾಗಿ ಗಾಳಿ ಕೊಟ್ಟು, ಬಿಸಿ ಪಾತ್ರೆಗೆ ತಾಗಿ ಹೋಗುವಂತೆ ಮಾಡಿದರು. ಅದೇ ಕ್ರಮ ಹಂಡೆಗೂ ಆಗುತ್ತದೆ. ಬೂದಿ ಕೆಳಗೆ ಬಿದ್ದು ಗಾಳಿ ಮೇಲೆ ಬರಲು ಕಬ್ಬಿಣದ ಸರಳಿನ ಜಾಲರಿ, ಚಿಕ್ಕ ಬಾಯಿ, ಹಂಡೆಯ ಸುತ್ತ ಬೆರಳಗಲದ ಸಂದಿ, ಆಮೇಲೆ ಹೊಗೆಕೊಳವೆ. ನೂರಕ್ಕೆ ಮೂವತ್ತು ಪಾಲು ನೀರಿಗೆ ಸೇರಿದರೆ ಐದು ಕಿಲೋ ಕಟ್ಟಿಗೆಯ ಜಾಗದಲ್ಲಿ ಎರಡು ಕಿಲೋ ಸಾಕು. ಹಂಡೆಗೆ ಮುಚ್ಚಳ ಇಲ್ಲದ ಮನೆಯವರು ಮೊದಲು ಅದನ್ನು ಮಾಡಿಸಿ, ಹಲಗೆಯದಾದರೂ ಸರಿ. ತೆರೆದ ಹಂಡೆಯಿಂದ ಆವಿಯ ಜೊತೆ ಹೋಗುವ ಬಿಸಿ ಕಡಿಮೆಯೇನಲ್ಲ.

ಕಾರವಾರ, ಅಂಕೋಲಾ, ಕುಮಟಾ ಪೇಟೆಯಲ್ಲಿ ಇರುವವರಿಗೆ ಸ್ವಂತ ಮಾಡು ಇದ್ದರೆ ಸೋಲಾರ್, ಮಳೆಗಾಲಕ್ಕೆ ಕರೆಂಟು. ಬಾಡಿಗೆ ಮನೆಯವರಿಗೆ ಗೀಸರೇ ಸರಿ, ಸ್ನಾನಕ್ಕೆ ಸ್ವಲ್ಪ ಮೊದಲು ಹಾಕಿ, ಬಿಸಿಯಾದ ಕೂಡಲೇ ಆರಿಸಿ.

ನಮಸ್ಕಾರ.