ಮಂತ್ರಿಗಳ ಎರಡನೇ ಉತ್ತರ

ಕೇಳುಗರೆಲ್ಲರಿಗೂ ನಮಸ್ಕಾರ. ಸಂಸತ್ತಿನ ಪ್ರಶ್ನೋತ್ತರ ವೇಳೆಯ ಬಗ್ಗೆ, ಅದರಲ್ಲೂ ರಕ್ಷಣಾ ವೆಚ್ಚ ಮತ್ತು ವಿದೇಶಾಂಗ ವ್ಯವಹಾರದ ಪ್ರಶ್ನೆಗಳ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದಿದ್ದಾರೆ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನಿಗೆ ಹತ್ತು ನಿಮಿಷ ಎಂದರೆ ಹಾಜರಿ ಕರೆಯುವುದಕ್ಕೇ ಸಾಲದು. ಇರಲಿ.

ಬದಿಯಡ್ಕದಲ್ಲೋ ಪೆರ್ಲದಲ್ಲೋ ಅಡಿಕೆ ಸುಲಿಯುತ್ತ, ಮಂಜೇಶ್ವರದಲ್ಲಿ ಬೀಡಿ ಕಟ್ಟುತ್ತ ರೇಡಿಯೋ ಹಾಕಿಕೊಂಡವರು ಈಗ ಕೇಳುತ್ತಿದ್ದೀರಿ. “ಡೆಲ್ಲಿಯ ಗಲಾಟೆ ನಮಗೆಂತಕ್ಕೆ ಮಾರಾಯ್ರೇ” ಎಂದು ಅರ್ಧ ಜನ ಈಗಾಗಲೇ ಅಂದುಕೊಂಡಾಗಿದೆ. ಸ್ವಲ್ಪ ತಡೆಯಿರಿ, ಸ್ಟೇಷನ್ ಬದಲಿಸಬೇಡಿ. ನಾನು ಹೇಳುವುದು ಒಂದೇ ಸಂಗತಿ, ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ. ಮಂತ್ರಿ ಕೊಡುವ ಮೊದಲ ಉತ್ತರ ಅಧಿಕಾರಿಗಳದ್ದು, ಎರಡನೇ ಉತ್ತರ ಮಂತ್ರಿಯದ್ದು. ಕಿವಿಗೊಡಬೇಕಾದದ್ದು ಎರಡನೆಯದಕ್ಕೆ.

ಅದು ಹೇಗೆ? ಲೋಕಸಭೆ ಬೆಳಿಗ್ಗೆ 11 ಗಂಟೆಗೆ ಸೇರುತ್ತದೆ. ಮೊದಲ ಒಂದು ಗಂಟೆ ಪ್ರಶ್ನೆಗಳಿಗೆ ಮೀಸಲು. ರಾಜ್ಯಸಭೆಯಲ್ಲಿ ಅದೇ ಕೆಲಸ ಮಧ್ಯಾಹ್ನ 12ಕ್ಕೆ. ಸದಸ್ಯರು ಕನಿಷ್ಠ 15 ದಿನ ಮೊದಲೇ ಪ್ರಶ್ನೆಯನ್ನು ಬರೆದು ಕೊಟ್ಟಿರಬೇಕು. ರಾಶಿ ಬಿದ್ದ ಪ್ರಶ್ನೆಗಳಲ್ಲಿ ಚೀಟಿ ಎತ್ತಿ ಲೋಕಸಭೆಯಲ್ಲಿ ದಿನಕ್ಕೆ 20ನ್ನು ಆರಿಸುತ್ತಾರೆ. ಇವು ಚುಕ್ಕೆ ಗುರುತಿನ ಪ್ರಶ್ನೆಗಳು, ಇವಕ್ಕೆ ಮಂತ್ರಿ ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕು. ಇನ್ನು 230 ಪ್ರಶ್ನೆಗಳು ಚುಕ್ಕೆ ಇಲ್ಲದವು. ಅವಕ್ಕೆ ಲಿಖಿತ ಉತ್ತರ ಸದನದ ಮೇಜಿಗೆ ಬಂದು ಬೀಳುತ್ತದೆ, ಅಲ್ಲಿಗೆ ಮುಗಿಯಿತು.

ಚುಕ್ಕೆ ಪ್ರಶ್ನೆಯ ಮೊದಲ ಉತ್ತರವನ್ನು ಇಲಾಖೆಯವರು ವಾರಗಟ್ಟಲೆ ತಿದ್ದಿ ತೀಡಿ ಬರೆದಿರುತ್ತಾರೆ. ಮಂತ್ರಿ ಎದ್ದು, “ಹೇಳಿಕೆಯನ್ನು ಸದನದ ಮೇಜಿನ ಮೇಲೆ ಇಟ್ಟಿದ್ದೇನೆ” ಎಂದು ಕೂತುಬಿಟ್ಟರೂ ಆಯಿತು. ಆಮೇಲೆ ಪ್ರಶ್ನೆ ಕೇಳಿದ ಸದಸ್ಯ ಎದ್ದು ಪೂರಕ ಪ್ರಶ್ನೆ ಹಾಕುತ್ತಾರೆ. ಸಭಾಧ್ಯಕ್ಷರು ಬಿಟ್ಟರೆ ಬೇರೆಯವರೂ ಕೇಳುತ್ತಾರೆ. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿ ಓಡಾಡಲು ಶುರುವಾಗುವುದು ಆಗಲೇ. ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ತಾಳಮದ್ದಳೆಯಲ್ಲಿ ಪೀಠಿಕೆಯನ್ನು ಯಾವ ಅರ್ಥಧಾರಿಯೂ ಮನೆಯಲ್ಲಿ ಕೂತು ಸಿದ್ಧ ಮಾಡಿಕೊಂಡು ಬರಬಹುದು. ಎದುರು ಅರ್ಥಧಾರಿ ನಡುವೆ ಬಾಯಿ ಹಾಕಿ ಒಂದು ಪ್ರಶ್ನೆ ಎಸೆದಾಗ ಅಲ್ಲವೇ ಬಂಡವಾಳ ಬಯಲಾಗುವುದು? ಕುಂಬಳೆ ಸೀಮೆಯ ಪ್ರೇಕ್ಷಕರು ರಾತ್ರಿಯಿಡೀ ಕಾಯುವುದು ಅದಕ್ಕೇ.

ರಕ್ಷಣೆ, ವಿದೇಶಾಂಗ ಎಂದ ಕೂಡಲೇ ಮೊದಲ ಉತ್ತರ ಇನ್ನೂ ಬಿಗಿಯಾಗುತ್ತದೆ. “ದೇಶದ ಭದ್ರತೆಯ ದೃಷ್ಟಿಯಿಂದ ವಿವರ ಬಹಿರಂಗಪಡಿಸಲಾಗದು” ಎಂಬ ಒಂದು ಸಾಲು ಸಿದ್ಧವಾಗಿಯೇ ಇರುತ್ತದೆ. ಕೆಲವು ಸಲ ಅದು ನ್ಯಾಯವೇ. ಎಲ್ಲಿ ಎಷ್ಟು ತೋಪು ಇದೆ ಎಂದು ರೇಡಿಯೋದಲ್ಲಿ ಸಾರಬೇಕಾಗಿಲ್ಲ. ಹಲವು ಸಲ ಮಾತ್ರ ಅದು ಮುಜುಗರ ಮುಚ್ಚಿಕೊಳ್ಳುವ ಕಂಬಳಿ. ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದ ಕತೆ ಒಂದಿದೆ. ನನ್ನ ಹಳೆಯ ವಿದ್ಯಾರ್ಥಿಗಳು ಕೇಳುತ್ತಿದ್ದರೆ ಕ್ಷಮಿಸಿ, ಇನ್ನೊಮ್ಮೆ ಕೇಳಬೇಕು.

1959ರ ಆಗಸ್ಟ್. ಪ್ರಧಾನಿ ಜವಾಹರಲಾಲ್ ನೆಹರೂ, ವಿದೇಶಾಂಗ ಖಾತೆಯೂ ಅವರದ್ದೇ. ರಕ್ಷಣಾ ಸಚಿವರು ವಿ. ಕೆ. ಕೃಷ್ಣ ಮೆನನ್, ಕೋಝಿಕ್ಕೋಡಿನವರು. ಎರಡು ವರ್ಷ ಮೊದಲಷ್ಟೇ ಕಾಸರಗೋಡಿನಿಂದ ಗೆದ್ದು ಹೋಗಿದ್ದ ಎ. ಕೆ. ಗೋಪಾಲನ್ ಎದುರಿನ ಸಾಲಿನಲ್ಲಿ ಕಮ್ಯುನಿಸ್ಟರ ನಾಯಕರಾಗಿ ಕೂತಿದ್ದಾರೆ. ಚೀನಾದ ಮಾತು ಬಂದಾಗ ಆ ಸಾಲಿನಲ್ಲಿ ಕೂರುವುದು ಹಿತವಾಗಿರಲಿಕ್ಕಿಲ್ಲ, ಆ ಕತೆ ಬೇರೆ.

ಚೀನಾದವರು ಶಿಂಜಿಯಾಂಗ್‌ನಿಂದ ಟಿಬೆಟ್‌ಗೆ ಒಂದು ಹೆದ್ದಾರಿ ಮಾಡಿದ್ದರು. ನಮ್ಮ ಲಡಾಖಿನ ಅಕ್ಸಾಯ್ ಚಿನ್ ಮೂಲಕವೇ ಹಾದುಹೋಗುವ ರಸ್ತೆ. ಕೆಲಸ ಮುಗಿಯಿತು ಎಂದು 1957ರಲ್ಲೇ ಅವರು ಸಾರಿದರು. 1958ರ ಬೇಸಿಗೆಯಲ್ಲಿ ನಮ್ಮ ಸರ್ಕಾರ ಗಸ್ತು ತಂಡಗಳನ್ನು ಕಳಿಸಿತು. ಒಂದು ತಂಡ ಚೀನೀಯರ ಕೈಗೆ ಸಿಕ್ಕಿಬಿತ್ತು. ಅದೇ ವರ್ಷ ಅಕ್ಟೋಬರ್ 18ರಂದು ದೆಹಲಿಯಿಂದ ಬೀಜಿಂಗಿಗೆ ಆಕ್ಷೇಪಣೆಯ ಪತ್ರ ಹೋಯಿತು. ಅಂದರೆ ವಿದೇಶಾಂಗ ಕಚೇರಿ ಇದ್ದ ಸೌತ್ ಬ್ಲಾಕಿಗೆ ಗೊತ್ತು, ಬೀಜಿಂಗಿಗೆ ಗೊತ್ತು. ಗೊತ್ತಿಲ್ಲದವರು ಯಾರು? ನೀವು ಓಟು ಹಾಕಿ ಕಳಿಸಿದವರು!

1959ರ ಆಗಸ್ಟ್ 25ಕ್ಕೆ ಈಶಾನ್ಯದ ಲಾಂಗ್ಜುವಿನಲ್ಲಿ ಗುಂಡು ಹಾರಿತು. ಮೂರು ದಿನದ ಮೇಲೆ, 28ರಂದು, ಲೋಕಸಭೆಯಲ್ಲಿ ಸದಸ್ಯರು ಗಡಿಯ ಬಗ್ಗೆ, ಆ ರಸ್ತೆಯ ಬಗ್ಗೆ ಒಬ್ಬರ ಮೇಲೊಬ್ಬರು ಕೇಳತೊಡಗಿದರು. ರಸ್ತೆ ಲಡಾಖಿನ ಮೂಲೆಯಲ್ಲಿ ಹಾದುಹೋಗಿರುವುದು ಹೌದು ಎಂದು ನೆಹರೂ ಒಪ್ಪಿಕೊಳ್ಳಬೇಕಾಯಿತು. ಸಿಟ್ಟು ಬಂದದ್ದು ರಸ್ತೆಗಿಂತ ಹೆಚ್ಚಾಗಿ, ಇಷ್ಟು ದಿನ ತಮಗೆ ಹೇಳಲಿಲ್ಲವಲ್ಲ ಎಂಬುದಕ್ಕೆ. ಮುಂದೆ ಏನಾಯಿತು ನೋಡಿ. ಹತ್ತೇ ದಿನ. ಸೆಪ್ಟೆಂಬರ್ 7ರಂದು ಸರ್ಕಾರ ಶ್ವೇತಪತ್ರ ಹೊರಡಿಸಿತು. 1954ರಿಂದ ಎರಡು ದೇಶಗಳ ನಡುವೆ ನಡೆದ ಗುಟ್ಟಿನ ಪತ್ರವ್ಯವಹಾರವೆಲ್ಲ ಅಚ್ಚಾಗಿ ಜನರ ಕೈಗೆ ಬಂತು. ವರ್ಷಗಟ್ಟಲೆ ಕಪಾಟಿನಲ್ಲಿ ಇದ್ದದ್ದು ಹತ್ತು ದಿನದಲ್ಲಿ ಹೊರಬಿತ್ತು. ಅದನ್ನು ಹೊರಗೆಳೆದದ್ದು ಎದ್ದು ನಿಂತು “ಹಾಗಾದರೆ ಯಾವಾಗ ಗೊತ್ತಾಯಿತು?” ಎಂದು ಕೇಳುವ ಹಕ್ಕು. ನಾನು ಎರಡನೇ ಪ್ರಶ್ನೆ, ಎರಡನೇ ಉತ್ತರ ಎಂದು ಬಡಿದುಕೊಳ್ಳುವುದು ಇದಕ್ಕೇ.

ಕತೆ ಅಲ್ಲಿಗೆ ಮುಗಿಯುವುದಿಲ್ಲ. 1962ರ ಅಕ್ಟೋಬರ್ 20ಕ್ಕೆ ಯುದ್ಧ. ಅಧಿವೇಶನ ಬೇಗ ಕರೆಯಿರಿ ಎಂದು ಕೇಳಿದವರಲ್ಲಿ ರಾಜ್ಯಸಭೆಯ ಯುವ ಸದಸ್ಯ ಅಟಲ್ ಬಿಹಾರಿ ವಾಜಪೇಯಿ ಒಬ್ಬರು. ನೆಹರೂ ಒಪ್ಪಿದರು. ನವೆಂಬರ್ 8ಕ್ಕೆ ಸದನ ಸೇರಿತು. ಬಾಗಿಲು ಮುಚ್ಚಿ ಗುಪ್ತ ಕಲಾಪ ನಡೆಸೋಣ ಎಂದು ಸಂಸದ ಎಲ್. ಎಂ. ಸಿಂಘ್ವಿ ಸೂಚಿಸಿದಾಗ ನೆಹರೂ ಬೇಡ ಎಂದರು. ಯುದ್ಧ ನಡೆಯುತ್ತಿರುವಾಗ, ತಮ್ಮ ಸರ್ಕಾರವೇ ಕಟಕಟೆಯಲ್ಲಿರುವಾಗ, ಬಾಗಿಲು ತೆರೆದೇ ಇರಲಿ ಎಂದದ್ದು ದೊಡ್ಡ ಮಾತು. ಲೋಕಸಭೆಯಲ್ಲಿ 165 ಸದಸ್ಯರು ಮಾತಾಡಿದರು. ಕೃಷ್ಣ ಮೆನನ್ ಅವರ ರಕ್ಷಣಾ ಖಾತೆ ಅಕ್ಟೋಬರ್ 31ಕ್ಕೆ ಹೋಗಿತ್ತು. ಸದನ ಸೇರುವ ಹಿಂದಿನ ದಿನ ಮಂತ್ರಿಗಿರಿಯೂ ಹೋಯಿತು. ಆದರೆ ಆ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆ ಇರಲಿಲ್ಲ. ಎರಡೂ ಕಡೆಯವರು ಸೇರಿಯೇ ಅದನ್ನು ಕೈಬಿಟ್ಟಿದ್ದರು. ಭಾಷಣಕ್ಕೆ ಬರವಿಲ್ಲ, ಪೂರಕ ಪ್ರಶ್ನೆ ಇಲ್ಲ. 2020ರಲ್ಲಿ ಕೋವಿಡ್ ಬಂದಾಗಲೂ ಹಾಗೆಯೇ. ಲಿಖಿತ ಉತ್ತರಗಳು ಬಂದವು, ಎದ್ದು ಕೇಳುವ ಆ ಒಂದು ಗಂಟೆ ಮಾತ್ರ ಇರಲಿಲ್ಲ. ಮೊದಲ ಉತ್ತರ ಉಳಿಯಿತು, ಎರಡನೆಯದು ಹೋಯಿತು.

ನೋಡಿ, ನನಗೆ ಕೊಟ್ಟ ಹೊತ್ತಿನಲ್ಲಿ ಹೆಚ್ಚಿನ ಪಾಲನ್ನು ನೆಹರೂ ಅವರೇ ನುಂಗಿಬಿಟ್ಟರು. ಖರ್ಚಿನ ಲೆಕ್ಕ ಬೇಗ ಬೇಗ ಹೇಳುತ್ತೇನೆ.

2025–26ನೇ ಸಾಲಿನ ಬಜೆಟ್‌ನಲ್ಲಿ ರಕ್ಷಣೆಗೆ 6.81 ಲಕ್ಷ ಕೋಟಿ ರೂಪಾಯಿ. ಕೇಂದ್ರ ಖರ್ಚು ಮಾಡುವ ಪ್ರತಿ 100 ರೂಪಾಯಿಯಲ್ಲಿ 13 ರೂಪಾಯಿ ಚಿಲ್ಲರೆ. ಇದರಲ್ಲಿ ಹೊಸ ವಿಮಾನ, ಹಡಗು, ತೋಪುಗಳಂಥ ಬಂಡವಾಳ ವೆಚ್ಚಕ್ಕೆ 1.80 ಲಕ್ಷ ಕೋಟಿ. ಪಿಂಚಣಿಗೆ ಸುಮಾರು 1.61 ಲಕ್ಷ ಕೋಟಿ. ಹೆಚ್ಚುಕಡಿಮೆ ಸರಿಸಮ! ಟಿವಿಯಲ್ಲಿ ಮೊತ್ತ ಹೇಳಿ ಚಪ್ಪಾಳೆ ತಟ್ಟುತ್ತಾರೆ, ಈ ಪಾಲು ಹೇಳುವುದಿಲ್ಲ. ವಿದೇಶಾಂಗ ಸಚಿವಾಲಯಕ್ಕೆ ಅದೇ ವರ್ಷ ಸಿಕ್ಕಿದ್ದು 20,516 ಕೋಟಿ. ರಕ್ಷಣೆಯ ಸುಮಾರು ಮೂವತ್ತಮೂರರಲ್ಲಿ ಒಂದು ಪಾಲು.

ಇದರಲ್ಲಿ ಕಾಸರಗೋಡಿಗೇನು ಎನ್ನುವವರಿಗೆ ಸೀತಾಂಗೋಳಿ ತೋರಿಸುತ್ತೇನೆ. ಅಲ್ಲಿ ಎಚ್‌ಎಎಲ್‌ನ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಇದೆ. ರಕ್ಷಣಾ ಸಚಿವರಾಗಿದ್ದ ಎ. ಕೆ. ಆಂಟನಿ 2012ರಲ್ಲಿ ಉದ್ಘಾಟಿಸಿದ್ದು. ಎಷ್ಟು ಕೋಟಿಯ ಕೆಲಸ ಕೊಟ್ಟಿರಿ ಎಂಬುದು ಮೊದಲ ಪ್ರಶ್ನೆ. ಅದರಲ್ಲಿ ಊರಿನ ಮಕ್ಕಳಿಗೆ ಸಿಕ್ಕಿದ್ದೆಷ್ಟು ಎಂಬುದು ಎರಡನೆಯದು.

ಇನ್ನು ಅಡಿಕೆ ಸುಲಿಯುತ್ತಿರುವವರೇ, ಇದು ನಿಮಗೆ. ಅದೇ 2025–26ರ ವಿದೇಶಾಂಗ ಬಜೆಟ್‌ನಲ್ಲಿ ನೆರವಿನ ದೊಡ್ಡ ಪಾಲು ಭೂತಾನಿಗೆ, 2,150 ಕೋಟಿ. ಚೀನಾದ ಮಗ್ಗುಲಿನ ನೆರೆಯವನು, ಸ್ನೇಹ ಬೇಕೇ ಬೇಕು. 2022ರ ಸೆಪ್ಟೆಂಬರ್‌ನಲ್ಲಿ ಆ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು, ಇದಕ್ಕಿಂತ ಅಗ್ಗಕ್ಕೆ ತರಬಾರದು ಎಂಬ ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಲು ಕೇಂದ್ರ ಅನುಮತಿ ಕೊಟ್ಟಿತು. ಮರುವರ್ಷ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದರು. ಗೋಣಿಯ ಮುಂದೆ ಕೂತು ಮಾರುಕಟ್ಟೆ ಧಾರಣೆ ಕೇಳುವಾಗ ನೀವು ಕೇಳುತ್ತಿರುವುದು ವಿದೇಶಾಂಗ ನೀತಿಯನ್ನೇ. ಒಂದು ಉಪಾಯ ನೆನಪಿಡಿ. ಈ ಪ್ರಶ್ನೆ ವಿದೇಶಾಂಗ ಸಚಿವರಿಗೆ ಹಾಕಿದರೆ ವಾಣಿಜ್ಯ ಸಚಿವಾಲಯಕ್ಕೆ ವರ್ಗಾಯಿಸುತ್ತಾರೆ. ನೇರ ವಾಣಿಜ್ಯಕ್ಕೇ ಹಾಕಬೇಕು.

ಗಲ್ಫಿನಲ್ಲಿ ಮಗ, ಅಳಿಯ ಇರುವ ಮನೆಗಳಿಗೂ ಒಂದು ಮಾತು. ವಿದೇಶದ ಜೈಲುಗಳಲ್ಲಿ 10,152 ಭಾರತೀಯರಿದ್ದಾರೆ ಎಂದು 2025ರ ಮಾರ್ಚ್‌ನಲ್ಲಿ ಸರ್ಕಾರ ರಾಜ್ಯಸಭೆಗೆ ತಿಳಿಸಿತು. ಹೆಚ್ಚಿನವರು ಸೌದಿ ಅರೇಬಿಯ ಮತ್ತು ಯುಎಇಯಲ್ಲಿ. ಅಂಕಿ ಬಂತು, ಸರಿ. ಇವರಲ್ಲಿ ಎಷ್ಟು ಜನರಿಗೆ ರಾಯಭಾರ ಕಚೇರಿಯವರು ವಕೀಲರನ್ನು ಕೊಟ್ಟರು? ಇದನ್ನು ಎದ್ದು ನಿಂತು ಕೇಳಿದರೆ ಮಂತ್ರಿ ಕಾಗದದಿಂದ ತಲೆ ಎತ್ತಬೇಕಾಗುತ್ತದೆ.

“ಮಾಹಿತಿ ಸಂಗ್ರಹಿಸಿ ಸದನದ ಮುಂದೆ ಇಡುತ್ತೇವೆ” ಎಂದು ಮಂತ್ರಿ ಹೇಳಿದರೆ ಅದು ಗಾಳಿಮಾತಾಗುವುದಿಲ್ಲ. ಭರವಸೆಗಳ ಸಮಿತಿ ಅದನ್ನು ಬರೆದಿಟ್ಟುಕೊಳ್ಳುತ್ತದೆ, ಮೂರು ತಿಂಗಳಲ್ಲಿ ಈಡೇರಿಸಬೇಕು.

ಸಂಸತ್ತಿನ ಜಾಲತಾಣದಲ್ಲಿ ಪ್ರಶ್ನೆಗಳೂ ಉತ್ತರಗಳೂ ಇವೆ, ಮಕ್ಕಳ ಹತ್ತಿರ ಮೊಬೈಲಿನಲ್ಲಿ ತೆಗೆಸಿ ನೋಡಿ. ಸಂಸದರಿಗೆ ಪತ್ರ ಬರೆಯುವವರು ಪ್ರಶ್ನೆಯನ್ನು 150 ಪದಗಳೊಳಗೆ ಇಡಿ, ನಿಯಮ ಅಷ್ಟೇ. ಅಧಿವೇಶನ ಶುರುವಾಗುವ ತಿಂಗಳ ಮೊದಲೇ ಅಂಚೆಗೆ ಹಾಕಿ. ಕಾಗದದ ಹಿಂಬದಿಯಲ್ಲಿ ಪೂರಕ ಪ್ರಶ್ನೆಯನ್ನೂ ಬರೆದು ಕಳಿಸಿ, ಅದನ್ನು ಅವರೇ ಯೋಚಿಸಿಕೊಳ್ಳಲಿ ಎಂದು ಬಿಡಬೇಡಿ. ನಮಸ್ಕಾರ.